ಕೇಳಿ ಮುಟ್ಟುತ್ತಿದ್ದವರು

ಶ್ರದ್ಧಾಂಜಲಿ ಸಭೆಯಲ್ಲಿ ಡಾಕ್ಟರಮ್ಮನ ಫೋಟೋಕ್ಕೆ ಹಾರ ಹಾಕಿದ ಕೈಯಲ್ಲಿಯೇ ಆ ಉಂಗುರ ಇತ್ತು. ಬಂಗಾರದ ಪಟ್ಟಿ, ಅದರ ನಡುವೆ ಹೆಣೆದು ಕೂರಿಸಿದ ದಪ್ಪ ಕರಿಯ ಕೂದಲು. ಆನೆಯ ಬಾಲದ ಕೂದಲು. ಗುಡಿಯ ಟ್ರಸ್ಟಿನ ಅಧ್ಯಕ್ಷರು ಹಾರ ಸರಿಪಡಿಸಿ ಮೈಕಿನ ಮುಂದೆ ನಿಂತು, "ತಾಯಿಯವ್ರು ನಮ್ಮ ರುಕ್ಮಿಣಿ ಆನೀ ಅಂಜಿಕಿ ಬಿಡಿಸಿದ್ರು. ಅಂಥಾ ಕೈ ಇನ್ನ ಹುಟ್ಟೂದಿಲ್ರಿ" ಎಂದು ಕಣ್ಣೊರೆಸಿಕೊಂಡರು. ಒರೆಸಿಕೊಂಡದ್ದೂ ಅದೇ ಬೆರಳಿನಿಂದ. ನಾನು ಹೆಂಗಸರ ಸಾಲಿನಲ್ಲಿ ಕೂತು ಸೆರಗನ್ನು ಬಾಯಿಗೆ ಒತ್ತಿಕೊಂಡೆ. ದುಃಖವಾಗಿದೆ ಎಂದುಕೊಂಡು ಪಕ್ಕದವರು ನೀರಿನ ಬಾಟಲಿ ಕೊಟ್ಟರು. ನನಗಾಗಿದ್ದದ್ದು ಹೇಸಿಗೆ.

ಬಳ್ಳಾರಿಯ ಕಾನ್ವೆಂಟಿನಲ್ಲಿ ನಮಗೆ ಸಿಸ್ಟರ್‌ಗಳು ಕಲಿಸಿದ್ದರು: ಹೇಸಿಗೆಯನ್ನು ಮುಖದ ಮೇಲೆ ತೋರಿಸಬಾರದು, ತಟ್ಟೆಯಲ್ಲಿ ಹುಳ ಕಂಡರೂ ಸದ್ದಿಲ್ಲದೆ ಬದಿಗೆ ಸರಿಸಿ ಉಳಿದದ್ದನ್ನು ಉಣ್ಣಬೇಕು. ಮದುವೆಯಾಗಿ ಗಂಗಾವತಿಗೆ ಬಂದ ಮೇಲೂ ಆ ಪಾಠವನ್ನು ಬಿಟ್ಟವಳಲ್ಲ. ಇವತ್ತು ಮಾತ್ರ ಹುಳವನ್ನು ಹುಳವೆಂದೇ ಬರೆಯುತ್ತೇನೆ.

ಫೋಟೋದಲ್ಲಿದ್ದವರು ನಮ್ಮ ಪಕ್ಕದ ಮನೆಯವರು. ಯಲಬುರ್ಗಾ ಕಡೆಯ ಹಳ್ಳಿಯಲ್ಲಿ ಹುಟ್ಟಿ, ದನದ ಡಾಕ್ಟರಾಗಿ ಕುಷ್ಟಗಿ, ಕನಕಗಿರಿ ಎಂದು ತಿರುಗಿ, ನಿವೃತ್ತಿಯ ಹೊತ್ತಿಗೆ ನಮ್ಮ ಓಣಿಗೆ ಬಂದು ನಿಂತಿದ್ದರು. ಮದುವೆಯಾಗಿರಲಿಲ್ಲ. ಗಿಡ್ಡ ಆಳು. ಕಾಟನ್ ಸೀರೆ, ಸೆರಗು ಸದಾ ಸೊಂಟದಲ್ಲಿ. ಕೈ ಮಾತ್ರ ಮೈಗಿಂತ ಒಂದು ಅಳತೆ ದೊಡ್ಡವು. ಉಗುರುಗಳನ್ನು ಬುಡದವರೆಗೆ ಕತ್ತರಿಸುತ್ತಿದ್ದರು, ಬಳೆ ಹಾಕುತ್ತಿರಲಿಲ್ಲ. ನಮ್ಮ ಅತ್ತೆ ಅದನ್ನು ಕೇಳಿಯೇ ಬಿಟ್ಟಿದ್ದರು. "ಆಕಳ ಹೊಟ್ಯಾಗ ಮೊಣಕೈ ತನ ಹೊಗಸಬೇಕ್ರಿ ಅತ್ತಿ. ಬಳಿ ಒಳಗ ಉಳದ್ರ ಕರು ಹಾಕ್ಕೊಂಡ ಬರತೈತಿ" ಎಂದರು. ಅತ್ತೆ ನಗಬೇಕೋ ಬೈಯಬೇಕೋ ತಿಳಿಯದೆ ಒಳಗೆ ಎದ್ದು ಹೋದರು.

ಅವರಿಗೆ ಹೇಸಿಗೆ ಎಂಬುದೇ ಗೊತ್ತಿರಲಿಲ್ಲ. ಓಣಿಯ ಗಟಾರದಲ್ಲಿ ಸತ್ತ ಹೆಗ್ಗಣವನ್ನು ಬಾಲ ಹಿಡಿದು ಎತ್ತಿ ಒಯ್ದು ಹೂಳುತ್ತಿದ್ದರು. ನಾಯಿಯ ಕಿವಿಯ ಹುಳುಗಳನ್ನು ಚಿಮಟಿಗೆಯಲ್ಲಿ ತೆಗೆದು ಪತ್ರಿಕೆಯ ಹಾಳೆಯ ಮೇಲೆ ಸಾಲಾಗಿ ಇಡುತ್ತಿದ್ದರು. ನಮ್ಮ ಮನೆಯಲ್ಲಿ ರೊಟ್ಟಿ ಮುರಿಯುತ್ತ ಎಮ್ಮೆಯ ಮಾಸು ಬೀಳದ ಕತೆ ಶುರು ಮಾಡಿದರೆ ಅತ್ತೆ, "ಏ ಸಾಕ ಮಾಡ ನಮ್ಮವ್ವಾ, ಉಣ್ಣಾಕ ಕುಂತೀವಿ!" ಎಂದು ಕೈ ಮುಗಿಯಬೇಕಾಗುತ್ತಿತ್ತು. ಅವರು ಪಲ್ಯ ಹಚ್ಚಿಕೊಳ್ಳುತ್ತ, "ನಿಮಗ ಹೇಳಾಕತ್ತೀನಿ, ಬದನಿಕಾಯಿ ಭಾಳ ಛಲೋ ಆಗೈತಿ" ಎನ್ನುತ್ತಿದ್ದರು.

ಇನ್ನೊಂದು ಅಭ್ಯಾಸ ಅವರದು. ಯಾವ ಪ್ರಾಣಿಯನ್ನೂ ತಟ್ಟನೆ ಮುಟ್ಟುತ್ತಿರಲಿಲ್ಲ. ನಮ್ಮ ಬೆಕ್ಕಿಗೆ ಕಾಲು ಮುರಿದಾಗ ಅಂಗೈಯನ್ನು ಗೇಣಿನಷ್ಟು ದೂರದಲ್ಲಿ ಹಿಡಿದು ಸುಮ್ಮನೆ ಕೂತರು. ಅಡುಗೆಮನೆಯಲ್ಲಿ ನನ್ನ ಸಾರು ಕುದಿದು ಉಕ್ಕಿತು. ಅವರು ಕೂತೇ ಇದ್ದರು. ಕೊನೆಗೆ ಬೆಕ್ಕೇ ಮೂಗು ಮುಂದೆ ತಂದಿತು.

"ಕೇಳಿ ಮುಟ್ಟಬೇಕವಾ ತಂಗಿ. ದನಕ್ಕ ಮಾತ ಇಲ್ಲ ಖರೆ, ಆದ್ರ ಒಲ್ಲೆ ಅನ್ನಾಕ ಬರತೈತಿ" ಎಂದರು.

ತರಗತಿಯ ಬಾಗಿಲಲ್ಲಿ ನಿಂತು 'ಮೇ ಐ ಕಮ್ ಇನ್' ಎನ್ನದೆ ಒಳಗೆ ಕಾಲಿಟ್ಟರೆ ಸಿಸ್ಟರ್ ವಾಪಸ್ ಕಳಿಸುತ್ತಿದ್ದದ್ದನ್ನು ಹೇಳಿದೆ. ಅವರು ಬಿದ್ದು ಬಿದ್ದು ನಕ್ಕರು. "ನಿಮ್ಮ ಸಿಸ್ಟರು ಮದ್ಲ ದನದ ದವಾಖಾನಿದಾಗ ಇದ್ರೇನು?"

ಆ ಟ್ರಸ್ಟಿನ ಆನೆಯೇ ರುಕ್ಮಿಣಿ. ಎಲ್ಲರ ಬಾಯಲ್ಲೂ ರುಕ್ಕು. ಶ್ರೀರಾಮನಗರದ ರಸ್ತೆಯ ಕಡೆ, ಕಾಲುವೆಯ ಆಚೆ, ಕಲ್ಯಾಣ ಮಂಟಪದ ಹಿಂದೆ ತಗಡಿನ ಶೆಡ್ಡಿನಲ್ಲಿ ಅದರ ವಾಸ. ಅದಕ್ಕೂ ಮೊದಲು ಊರೂರು ತಿರುಗಿಸಿ ಸೊಂಡಿಲಿನಿಂದ ಆಶೀರ್ವಾದ ಮಾಡಿಸುವವರ ಕೈಯಲ್ಲಿತ್ತು. ನಮ್ಮ ಕಡೆಯ ಪದ್ಧತಿ ನಿಮಗೂ ಗೊತ್ತಿರಬಹುದು. ಬೆದರಿದ ಕೂಸನ್ನು ಆನೆಯ ಹೊಟ್ಟೆಯ ಕೆಳಗೆ ಈ ಕಡೆಯಿಂದ ಆ ಕಡೆಗೆ ದಾಟಿಸುತ್ತಾರೆ, ಅಂಜಿಕೆ ಹೋಗುತ್ತದೆಂದು. ಆನೆಯ ಬಾಲದ ಕೂದಲನ್ನು ಉಂಗುರವಾಗಿ ಹಾಕಿಕೊಳ್ಳುತ್ತಾರೆ, ಅದೂ ಅಂಜಿಕೆಗೇ. ಅದಕ್ಕಾಗಿ ಹೋದ ಊರಿನಲ್ಲೆಲ್ಲ ಯಾರೋ ಒಬ್ಬರು ಹಿಂದಿನಿಂದ ಬಂದು ಬಾಲಕ್ಕೆ ಕೈ ಹಾಕಿ ಜಗ್ಗಿದ್ದಾರೆ. ಊರಿನವರ ಅಂಜಿಕೆಯೆಲ್ಲ ಕಳೆಯುತ್ತ ಕಳೆಯುತ್ತ ಆನೆ ತಾನು ಅಂಜುಬುರುಕಿಯಾಗಿತ್ತು. ಬೆನ್ನ ಹಿಂದೆ ಒಂದು ಹೆಜ್ಜೆಯ ಸದ್ದಾದರೆ ಸಾಕು, ಗಿರ್ರನೆ ತಿರುಗಿಬಿಡುತ್ತಿತ್ತು. ಒಂದು ಮೆರವಣಿಗೆಯಲ್ಲಿ ಹಾಗೆ ತಿರುಗಿ ಮಂಡಕ್ಕಿ ಮಾರುವವನ ಗಾಡಿಯನ್ನು ಮಗುಚಿತು. ಆಮೇಲೆ ಟ್ರಸ್ಟಿನವರು ಎಲ್ಲಿಂದಲೋ ಒಬ್ಬ ಪಳಗಿಸುವವನನ್ನು ಕರೆಸುವ ಮಾತಾಡಿದರು. ಅವನ ವಿದ್ಯೆಯೆಂದರೆ ಕಾಲಿಗೆ ಮುಳ್ಳಿನ ಸರಪಳಿ, ಉಪವಾಸ, ಹೊಡೆತ.

ಸುದ್ದಿ ಕೇಳಿದ ದಿನವೇ ಡಾಕ್ಟರಮ್ಮ ನಮ್ಮ ಗೇಟಿಗೆ ಬಂದು, "ಸ್ಕೂಟಿ ತಗೀವಾ ತಂಗಿ" ಎಂದರು. ಅವರಿಗೆ ಗಾಡಿ ಬರುತ್ತಿರಲಿಲ್ಲ. ಹಾಗೆ ನಾನು ಆ ಶೆಡ್ಡಿಗೆ ಹೋಗತೊಡಗಿದೆ.

ಮೊದಲ ದಿನ ಅವರು ಏನೂ ಮಾಡಲಿಲ್ಲ. ಒಂದು ಮುರುಕು ಸ್ಟೂಲಿನ ಮೇಲೆ ಕೂತು ನೋಡಿದರು. ಶೆಡ್ಡಿನ ನಟ್ಟನಡುವಿನ ಗೂಟಕ್ಕೆ ಆನೆಯನ್ನು ಕಟ್ಟಿದ್ದರು. ಅದು ಗೋಡೆಯ ಕಡೆ ಹಿಂದಕ್ಕೆ ಹಿಂದಕ್ಕೆ ಸರಿಯುತ್ತಿತ್ತು, ಸರಪಳಿ ಬಿಗಿಯುತ್ತಿತ್ತು, ಮತ್ತೆ ಮುಂದೆ ಬರುತ್ತಿತ್ತು. ಕುಣಿಯುತ್ತಿದೆ ಎಂದುಕೊಂಡೆ ನಾನು.

"ಕುಣ್ಯಾಕತ್ತಿಲ್ಲ. ಆಕೀಗೆ ಆ ಗ್ವಾಡಿ ಬೇಕಾಗೇತಿ" ಎಂದರು. "ಬೆನ್ನ ಗ್ವಾಡಿಗೆ ಹಚ್ಚಿದ್ರ ಹಿಂದ ಯಾರೂ ಬರೂದಿಲ್ಲಲ್ಲ. ಸರಪಳಿ ಸಾಲವಲ್ದು."

ಕೈಯಾಡಿಸಿ ಅಂಜಿಕೆ ಬಿಡಿಸುತ್ತೇನೆ ಎಂದದ್ದು ಮಾವುತ ಖಾಜಾಸಾಬನಿಗೆ ತಮಾಷೆ. "ಡಾಕ್ಟರಬಾಯಾರ, ಇದು ಆನಿ ಐತ್ರಿ. ಮಾಲೀಸ ಮಾಡಿದ್ರ ಮಾತ ಕೇಳತೈತೇನು? ಮದ್ಲ ನನ್ನ ಹೇಂತಿಗೆ ಮಾಡಿ ನೋಡ್ರಿ, ಆಕೀ ಸುಮ್ಮನಾದ್ರ ಆನೀನೂ ಆದೀತು."

"ನಿನ್ನ ಹೇಂತಿ ಯಾಕ ಅಂಜತಾಳೋ? ಅಂಜಾವ ನೀ ಅದೀ. ಬಾ, ನಿನಗ ಮಾಡತೀನಿ."

ನೌಕರಿಯಲ್ಲಿದ್ದಾಗ ದಕ್ಷಿಣದ ಕಾಡಿನ ಆನೆ ಬಿಡಾರವೊಂದಕ್ಕೆ ತರಬೇತಿಗೆಂದು ಹೋಗಿ ಅವರು ಈ ಕೆಲಸ ಕಲಿತು ಬಂದಿದ್ದರಂತೆ. ತಿಕ್ಕುವುದಲ್ಲ, ತಟ್ಟುವುದಲ್ಲ. ಬೆರಳ ತುದಿಗಳನ್ನು ಚರ್ಮದ ಮೇಲಿಟ್ಟು, ಚರ್ಮವನ್ನೇ ಮೆಲ್ಲಗೆ ಒಂದು ಸುತ್ತು ಸರಿಸಿ ಬಿಡುವುದು. ಮತ್ತೆ ಪಕ್ಕದಲ್ಲಿ ಇನ್ನೊಂದು ಸುತ್ತು. ನನ್ನ ಮುಂಗೈ ಮೇಲೆ ಮಾಡಿ ತೋರಿಸಿದರು. "ರೊಟ್ಟಿ ತಟ್ಟೂ ಕೈ ಅಲ್ಲವಾ. ಕೂಸಿನ ಕಣ್ಣಾಗ ಕಾಡಿಗಿ ಹರಡಿದ್ರ ಒರಸ್ತೀವಲ್ಲ, ಆ ಕೈ."

ಮೊದಲು ಉದ್ದನೆಯ ಬಿದಿರಿನ ತುದಿಗೆ ಹಳೆಯ ಸೀರೆಯ ತುಂಡು ಸುತ್ತಿ ದೂರದಿಂದ ಭುಜಕ್ಕೆ ತಾಗಿಸಿದರು. ಕಿವಿ ಬಿರುಸಾಯಿತೋ, ಬಿದಿರು ಹಿಂದಕ್ಕೆ. ಇವತ್ತು ಇಷ್ಟೇ, ನಡಿ ಮನೆಗೆ. ಎಷ್ಟೋ ಬೆಳಗು ನಾವು ಏನನ್ನೂ ಮುಟ್ಟದೆ ವಾಪಸ್ ಬಂದೆವು. ಆಮೇಲೆ ಕೈ ಕಿವಿಯ ಅಂಚಿಗೆ ಬಂತು. ಆನೆಯ ಕಿವಿಯ ಅಂಚು ತೆಳ್ಳಗೆ, ಒಣಗಿದ ಅಡಿಕೆ ಹಾಳೆಯಂತೆ ಇರುತ್ತದೆಂದು ಆಗ ನೋಡಿದೆ. ಅಲ್ಲಿಂದ ಬಾಯಿಯೊಳಗಿನ ವಸಡಿಗೆ, ಹೊಟ್ಟೆಗೆ, ತೊಡೆಗೆ. ಬಾಲವನ್ನು ಕಡೆಯವರೆಗೂ ಮುಟ್ಟಲಿಲ್ಲ. ಬಿಸಿಲು, ಮಳೆ, ಭತ್ತದ ಎರಡೂ ಬೆಳೆ ಅದರಲ್ಲಿಯೇ ಕಳೆದವು. ಒಂದು ಬೆಳಗು ಅವರು ಬದಿಗೆ ನಿಂತು ಅಂಗೈ ಒಡ್ಡಿದರು. ರುಕ್ಕು ಬಹಳ ಹೊತ್ತು ನಿಂತಿತು. ಆಮೇಲೆ ಒಂದು ದೊಡ್ಡ ಉಸಿರು ಬಿಟ್ಟು, ಬಾಲವನ್ನು ತಾನೇ ಸಡಿಲ ಮಾಡಿತು. ಅವರು ಅದನ್ನು ಎತ್ತಿ ತಮ್ಮ ಹೆಗಲ ಮೇಲೆ ಹಾಕಿಕೊಂಡು, ಜಡೆ ಹೆಣೆಯುವವರ ಹಾಗೆ ನಿಧಾನಕ್ಕೆ ಬುಡದಿಂದ ತುದಿಗೆ ಬೆರಳಾಡಿಸಿದರು. ಕೂದಲು ತಂತಿಯಂತೆ ದಪ್ಪ, ಕರ್ರಗೆ ಹೊಳಪು. ಅವರ ಕಣ್ಣಲ್ಲಿ ನೀರು. ಮೂಗು ಒರೆಸಲು ಕೈ ಬಿಡುವಿರಲಿಲ್ಲ. ನಾನು ಕರ್ಚೀಫಿನಿಂದ ಒರೆಸಿದೆ.

"ಮಿರ್ಚಿ ತಿನ್ನೂನು ನಡಿ. ನಾ ಕೊಡಸ್ತೀನಿ" ಎಂದರು. ಬಜ್ಜಿ ಬಂಡಿಯ ಮುಂದೆ ನಿಂತು ಇಬ್ಬರೂ ತಿಂದೆವು. ಅವರನ್ನು ಅಷ್ಟು ಖುಷಿಯಲ್ಲಿ ನಾನು ಮತ್ತೆ ನೋಡಲಿಲ್ಲ.

ಖಾಜಾಸಾಬನೂ ಅಷ್ಟರಲ್ಲಿ ಆ ಸುತ್ತುಗಳನ್ನು ಕಲಿತಿದ್ದ. ಅವರೇ ಅವನ ಬೆರಳು ಹಿಡಿದು ಕಲಿಸಿದ್ದರು, ತಾವಿಲ್ಲದಾಗಲೂ ಆನೆಗೆ ಆ ಕೈ ಸಿಗಲಿ ಎಂದು. ಬಂದ ಭಕ್ತರಿಗೆ ಅವನು, "ಹಿಂದ ಬರ್ರಿ, ಬಾಲ ಹಿಡೀರಿ, ಏನೂ ಮಾಡೂದಿಲ್ಲ" ಎಂದು ತೋರಿಸತೊಡಗಿದ. ಪಳಗಿಸುವವನ ಮಾತು ನಿಂತಿತು.

ಬಾಲ ಸವೆಯುತ್ತಿರುವುದು ಮೊದಲು ಕಂಡದ್ದು ನನಗೆ. ದಿನಾ ಮಗಳ ತಲೆ ಬಾಚುವವಳು ನಾನು, ಕೂದಲು ಕಡಿಮೆಯಾದರೆ ಕಣ್ಣಿಗೆ ಬೀಳುತ್ತದೆ. ಬಾಲದ ತುದಿ ಹಲ್ಲು ಮುರಿದ ಬಾಚಣಿಗೆಯಂತೆ ಕಂಡಿತು. ಕೂದಲಿದ್ದ ಜಾಗದಲ್ಲಿ ಸಣ್ಣ ಸಣ್ಣ ಕೆಂಪು ತೂತು, ಅವುಗಳ ಮೇಲೆ ನೊಣ.

"ಗ್ವಾಡಿಗೆ ತಿಕ್ಕಿರಬೇಕು" ಎಂದರು ಅವರು. ಹೇಳಿದ ಮೇಲೆ ಗೋಡೆಯ ಕಡೆ ನೋಡಿದರು. ಸರಪಳಿ ಅಲ್ಲಿಯವರೆಗೆ ಹೋಗುವುದಿಲ್ಲವೆಂದು ಅವರಿಗೇ ಗೊತ್ತಿತ್ತು. "ಖಾಜಾ, ಬಾಯಿಲ್ಲೆ."

ಅವನು ಮುಚ್ಚಿಡಲೂ ಇಲ್ಲ. "ಅಧ್ಯಕ್ಷರು ಬರ್ತಾರ್ರೀ ಬಾಯಾರ. ದೊಡ್ಡ ದೊಡ್ಡ ಮಂದಿನ್ನ ಕರ್ಕೊಂಡ ಬರ್ತಾರ. ಕೊಡು ಅಂದ್ರ ಕೊಡಬೇಕಲ್ರಿ, ನನ್ನ ನೌಕರಿ ಅವ್ರ ಕೈಯಾಗೈತಿ. ಆದ್ರ ನೋವ ಆಗಾಕ ಬಿಟ್ಟಿಲ್ಲ, ಅಲ್ಲಾನ ಆಣಿ. ನೀವು ಕಲಿಸಿದಂಗ ಮದ್ಲ ಬೆರಳ ಆಡಸ್ತೀನಿ. ಗುಂಡಗ, ಗುಂಡಗ. ಆಕೀ ಕಣ್ಣ ಮುಚ್ಚಿ ಬಾಲ ಬಿಡತಾಳ. ಆವಾಗ ಚಟ್ಟನ ಕೀಳತೀನಿ."

"ಕೀಳತೀ?"

"ಕತ್ತರಿಸಿದ್ದಕ್ಕ ಗುಣ ಇಲ್ಲಂತ್ರಿ. ಬೇರ ಸಮೇತ ಬರಬೇಕಂತ."

ಖಾಜಾಸಾಬನ ಮುಖದಲ್ಲಿ ಶಹಬ್ಬಾಸಗಿರಿ ಸಿಗುತ್ತದೆಂಬ ಆಸೆಯಿತ್ತು. ನಾನು ಶೆಡ್ಡಿನ ಹೊರಗೆ ಬಂದು ನಿಂತೆ. ಅವರು ಬಹಳ ಹೊತ್ತು ಹೊರಗೆ ಬರಲಿಲ್ಲ.

ಅಧ್ಯಕ್ಷರನ್ನು ಅವರ ರೈಸ್ ಮಿಲ್ಲಿನಲ್ಲಿ ಕಂಡೆವು. ಮುಂದೆ ಮಂಡಕ್ಕಿ ಮಿರ್ಚಿಯ ಪೊಟ್ಟಣ. ಎಣ್ಣೆ ಬೆರಳನ್ನು ಮೇಜಿನ ಬಟ್ಟೆಗೆ ಒರೆಸುತ್ತ ಮಾತಾಡಿದರು. "ಕೂದ್ಲ ಮತ್ತ ಬರತೈತಿ ಡಾಕ್ಟರಮ್ಮಾರ. ಮದ್ಲ ಹಗ್ಗ ಹಾಕಿ ಜಗ್ಗಬೇಕಾಗತಿತ್ತು, ಅದಕ್ಕೂ ತ್ರಾಸು, ನಮಗೂ ತ್ರಾಸು. ನಿಮ್ಮ ಪುಣ್ಯಾ, ಈಗ ಎಲ್ಲಾ ಆರಾಮ ಆಗೇತಿ. ತಗೋರಿ, ಮಿರ್ಚಿ ತಗೋರಿ."

ಇದು ಕಾನೂನಿಗೆ ವಿರುದ್ಧ ಎಂದು ಹೇಳಲು ಅರಣ್ಯ ಇಲಾಖೆಯ ಒಬ್ಬ ಅಧಿಕಾರಿಯ ಬಳಿಗೂ ಹೋದೆವು. ಮಾತಿನ ನಡುವೆ ಆ ಮನುಷ್ಯ ಬಲಗೈಯನ್ನು ಮೇಜಿನ ಕೆಳಗೆ ಇಳಿಸಿದ. ಇಳಿಸುವ ಮೊದಲೇ ನಾನು ಉಂಗುರ ನೋಡಿದ್ದೆ. ಕೈ ಕೆಳಗಿಟ್ಟುಕೊಂಡೇ ನಮಗೆ ಚಹ ತರಿಸಿದ. ಎಡಗೈಯಲ್ಲಿ ತನ್ನ ಕಪ್ಪು ಎತ್ತಿ ಕುಡಿದ.

ಆಮೇಲೆ ಊರೆಲ್ಲ ಕಾಣತೊಡಗಿತು. ಬ್ಯಾಂಕಿನಲ್ಲಿ ಒಂದು ಬೆರಳು. ಬಟ್ಟೆ ಅಂಗಡಿಯಲ್ಲಿ ಒಂದು. ಊಟಕ್ಕೆ ಬಂದ ನನ್ನ ಮೈದುನನ ಬೆರಳಿನಲ್ಲಿ ಒಂದು, ಸಾರಿನಲ್ಲಿ ಅದ್ದಿ ಹೊಳೆಯುತ್ತಿತ್ತು. "ಇದ್ದರ ಇರ್ಲಿ ಬಿಡವಾ, ಅಂಜಿಕಿ ಹತ್ತೂದಿಲ್ಲ" ಎಂದರು ಅತ್ತೆ. ಆನೆಯ ಬಾಲದಲ್ಲಿ ನೊಣ ಕೂತ ತೂತುಗಳನ್ನು ಹೇಳಿದೆ. ಅತ್ತೆ ತಟ್ಟೆ ಸರಿಸಿ ಕೈ ತೊಳೆದರು. ಮೈದುನ ಇನ್ನೊಂದು ರೊಟ್ಟಿ ಕೇಳಿದ.

ಕಡೆಗೆ ಡಾಕ್ಟರಮ್ಮನಿಗೆ ಸನ್ಮಾನ ಮಾಡುತ್ತೇವೆಂದು ಟ್ರಸ್ಟಿನವರು ಹೇಳಿ ಕಳಿಸಿದರು. ಬರುವುದಿಲ್ಲ ಎಂದದ್ದಕ್ಕೆ ಮನೆಗೇ ಬಂದರು. ಶಾಲು, ಹಣ್ಣಿನ ಬುಟ್ಟಿ, ಫೋಟೋ ತೆಗೆಯುವವನು. ಚಹ ಮಾಡಿಕೊಡಲು ನಾನು ಹೋಗಿದ್ದೆ. ಬಾಗಿಲಿಗೆ ಬಂದವರನ್ನು ಹೊರಗೆ ಹಾಕಲಾರದೆ ಅವರು ಕುರ್ಚಿಯ ಅಂಚಿನಲ್ಲಿ ಕೂತಿದ್ದರು. ಅಧ್ಯಕ್ಷರು ಕೆಂಪು ಡಬ್ಬಿ ತೆರೆದು, "ರುಕ್ಕೂನ ಕಡಿಂದ ನಿಮಗ ಕಾಣಿಕಿ" ಎನ್ನುತ್ತಲೇ ಅವರ ಕೈಯನ್ನು ಹಿಡಿದೆಳೆದು ಬೆರಳಿಗೆ ಉಂಗುರ ತುರುಕಿದರು. ಫೋಟೋದವನು ಕ್ಲಿಕ್ ಎನಿಸಿದ.

ಅವರು ಬೆರಳನ್ನು ನೋಡಿಕೊಂಡರು. ಹೆಗ್ಗಣ ಎತ್ತಿದ, ಕೀವು ಹಿಂಡಿದ, ಎಮ್ಮೆಯ ಗರ್ಭದಲ್ಲಿ ಮೊಣಕೈಯವರೆಗೆ ಇಳಿದ ಆ ಕೈಯನ್ನು ಮೈಯಿಂದ ದೂರ ಹಿಡಿದುಕೊಂಡು ಎದ್ದರು. ಬಚ್ಚಲಿನಲ್ಲಿ ವಾಂತಿಯ ಸದ್ದು ಕೇಳಿತು. ನೀರಿನ ಸದ್ದು ನಿಲ್ಲಲೇ ಇಲ್ಲ. ಹೊರಗೆ ಬಂದಾಗ ಕೈಯಿಂದ ನೀರು ಸುರಿಯುತ್ತಿತ್ತು. ಉಂಗುರವನ್ನು ಹಣ್ಣಿನ ಬುಟ್ಟಿಯಲ್ಲಿ, ಸೇಬಿನ ಮೇಲೆ ಇಟ್ಟರು.

"ಕೇಳಿ ಮುಟ್ಟಬೇಕ್ರಿ ಅಧ್ಯಕ್ಷರ" ಎಂದರು, ಅಷ್ಟೇ.

"ಹಿರೇರು, ಮಡಿ ಭಾಳ" ಎಂದು ಒಬ್ಬರು ನಕ್ಕರು. ಎಲ್ಲರೂ ನಕ್ಕರು. ಬಂಗಾರ ವ್ಯರ್ಥವಾಗಬಾರದೆಂದು ಅಧ್ಯಕ್ಷರು ಅದನ್ನು ತಮ್ಮ ಬೆರಳಿಗೇ ಹಾಕಿಕೊಂಡು ಹೋದರು. ಮುಂದೆ ಡಾಕ್ಟರಮ್ಮನ ಫೋಟೋಕ್ಕೆ ಹಾರ ಹಾಕಿದ್ದು ಆ ಉಂಗುರದ ಕೈಯೇ.

ಉಂಗುರ ಮರಳಿಸಿದ ಮರುದಿನ ಬೆಳಿಗ್ಗೆ ಅವರು ಶೆಡ್ಡಿಗೆ ಹೋಗಿ ರುಕ್ಕುವಿನ ಪಕ್ಕ ಎಂದಿನಂತೆ ಅಂಗೈ ಒಡ್ಡಿದರು. ಕಿವಿ ಬಿರುಸಾಯಿತು. ಕಾದರು. ಆನೆ ಒಂದು ಹೆಜ್ಜೆ ಆ ಕಡೆ ಸರಿಯಿತು. ಅವರು ಕೈ ಹಿಂದಕ್ಕೆ ತೆಗೆದುಕೊಂಡರು.

"ಆತವಾ. ಒಲ್ಲೆ ಅಂದೆಲ್ಲ, ಆತು" ಎಂದರು ಆನೆಗೆ. ನನಗೆ ಹೇಳಿದ್ದು ದಾರಿಯಲ್ಲಿ, ಸ್ಕೂಟಿಯ ಹಿಂದಿನಿಂದ, ಗಾಳಿಯಲ್ಲಿ ಅರ್ಧ ಕೇಳುವಂತೆ: "ಆಕೀ ಅಂಜತಿದ್ದದ್ದು ಖರೇನ ಇತ್ತಲ್ಲ ತಂಗಿ. ಏನೂ ಆಗೂದಿಲ್ಲ ಅಂತ ನಾನ ಸುಳ್ಳ ಹೇಳಿದೆ."

ಆಮೇಲೆ ಅವರು ಆನೆಯನ್ನು ಮುಟ್ಟಲಿಲ್ಲ. ಮುಟ್ಟದೆ ಮಾಡಿದ ಕೆಲಸ ಒಂದೇ. ಗೌಂಡಿಯೊಬ್ಬನನ್ನು ತಾವೇ ಕರೆದೊಯ್ದು ಗೂಟವನ್ನು ನಡುವಿನಿಂದ ಕೀಳಿಸಿ ಗೋಡೆಯ ಹತ್ತಿರ ಹೂಳಿಸಿದರು. ಖಾಜಾಸಾಬ ಅಡ್ಡ ಬರಲಿಲ್ಲ. ಸಿಮೆಂಟು ಕಲಸಲು ನೀರು ಹೊತ್ತ. ರುಕ್ಕು ಬೆನ್ನನ್ನು ಗೋಡೆಗೆ ಹಚ್ಚಿ ನಿಂತಿತು. ಅವರು ದಿನಾ ಹೋಗಿ ಆ ಮುರುಕು ಸ್ಟೂಲಿನ ಮೇಲೆ ಕೂತು ಬರುತ್ತಿದ್ದರು. ಏನು ಮಾಡಿದಿರಿ ಎಂದರೆ, "ಕುಂತಿದ್ದೆ" ಎನ್ನುತ್ತಿದ್ದರು. ಚಳಿಗಾಲದಲ್ಲಿ ಜ್ವರ ಬಂತು, ಎದೆಗೆ ಇಳಿಯಿತು, ಹೋದರು. ಮನೆಯ ಕೀಲಿಕೈ ನಮ್ಮಲ್ಲಿ ಉಳಿಯಿತು. ಗೂಟ ಮತ್ತೆ ಶೆಡ್ಡಿನ ನಡುವಿಗೆ ಬಂತು, ಭಕ್ತರಿಗೆ ಸುತ್ತು ಹಾಕಲು ಅನುಕೂಲವೆಂದು.

ಈ ಶ್ರಾವಣದಲ್ಲಿ ಪುರಾಣ ಮುಗಿದ ದಿನ ಕುಂಭದ ಮೆರವಣಿಗೆ ನಮ್ಮ ಓಣಿಯಲ್ಲಿ ಬಂತು. ಮುಂದೆ ಡಿಜೆ, ಅದರ ಹಿಂದೆ ಕುಂಭ ಹೊತ್ತ ಹೆಂಗಸರು, ನಡುವೆ ಜರಿಯ ಬಟ್ಟೆ ಹೊದಿಸಿಕೊಂಡು ಕಾಲಿಗೆ ಸರಪಳಿ ಹಾಕಿಸಿಕೊಂಡ ರುಕ್ಕು. ಡಾಕ್ಟರಮ್ಮನ ಮನೆಯ ಮುಂದೆ ಬಂದಾಗ ಆನೆ ನಿಂತಿತು. ಆಮೇಲೆ ಹಿಂದಕ್ಕೆ, ಒಂದೊಂದೇ ಹೆಜ್ಜೆ ಹಿಂದಕ್ಕೆ ಸರಿದು, ಬೀಗ ಹಾಕಿದ ಆ ಮನೆಯ ಕಾಂಪೌಂಡಿಗೆ ಬೆನ್ನು ಹಚ್ಚಿತು. ಖಾಜಾಸಾಬ ಎಷ್ಟು ಎಳೆದರೂ ಕದಲಲಿಲ್ಲ.

ಡಿಜೆ ನಿಂತಿತು. "ನೋಡ್ರೆಪಾ, ಡಾಕ್ಟರಮ್ಮನ ಮನಿ ಗುರುತ ಹಿಡದೈತಿ!" ಎಂದು ಯಾರೋ ಕೂಗಿದರು. ಅಧ್ಯಕ್ಷರು ಎರಡೂ ಕೈ ಎತ್ತಿ ಮುಗಿದರು. ನೂರು ಮೊಬೈಲು ಮೇಲೆದ್ದವು. ನಮ್ಮ ಅತ್ತೆ ಕಟ್ಟೆಯ ಮೇಲೆ ನಿಂತು ಅಳುತ್ತಿದ್ದರು. ಅದಕ್ಕೆ ಬೇಕಾಗಿದ್ದದ್ದು ಒಂದು ಗೋಡೆ ಎಂದು ಆ ಗದ್ದಲದಲ್ಲಿ ಯಾರಿಗೆ ಹೇಳಲಿ?

ಅದು ಹಚ್ಚಿದ ಬೆನ್ನು ಅರ್ಧ ಗೋಡೆಗೆ, ಅರ್ಧ ಗೇಟಿಗೆ ಬಂದಿತ್ತು. ಗೇಟಿನ ಸರಳುಗಳ ನಡುವೆ ಬಾಲ ಒಳಗೆ ಇಳಿಬಿದ್ದಿತ್ತು. ಇಬ್ಬರು ಗಂಡಸರು ಆಗಲೇ ಬದಿಯ ಗೋಡೆ ಹಾರಿ ಡಾಕ್ಟರಮ್ಮನ ಅಂಗಳಕ್ಕೆ ಇಳಿದಿದ್ದರು.

ನಮ್ಮ ಹಿತ್ತಲಿನಿಂದ ಆ ಅಂಗಳಕ್ಕೆ ದಾರಿಯಿದೆ. ನಾನು ಓಡಿದೆ. ಜೀವಮಾನದಲ್ಲಿ ಗಂಡಸರ ಎದುರು ದನಿ ಎತ್ತಿದವಳಲ್ಲ. ಆ ಇಬ್ಬರಿಗೂ ಗೇಟಿಗೂ ನಡುವೆ ಹೋಗಿ ನಿಂತು, ಸರಳಿಗೆ ಬೆನ್ನು ಕೊಟ್ಟೆ.

"ಸರೀರಿ ಅಕ್ಕಾರ. ಒಂದ ಕೂದ್ಲರಿ. ಕೂಸು ನಿದ್ದ್ಯಾಗ ಬೆದರತೈತಿ" ಎಂದ ಒಬ್ಬ. ಬಾಯಿತುಂಬ ಗುಟ್ಕಾ.

"ಕೂಸಿನ್ನ ನಮ್ಮನಿಗೆ ತರ್ರಿ. ಡಾಕ್ಟರಮ್ಮಾರು ನನಗ ಕಲಿಸ್ಯಾರ, ಕೈ ಆಡಸ್ತೀನಿ. ಇದನ್ನ ಮುಟ್ಟಬ್ಯಾಡ್ರಿ."

"ಆನೀ ಏನ ನಿಮ್ಮಪ್ಪಂದೇನು?" ಎಂದ ಇನ್ನೊಬ್ಬ. ನಾನು ಅಲ್ಲಾಡಲಿಲ್ಲ. ಅವನು ಡಾಕ್ಟರಮ್ಮನ ಮಲ್ಲಿಗೆ ಬಳ್ಳಿಯ ಬುಡಕ್ಕೆ ಕೆಂಪಗೆ ಉಗುಳಿದ. ಅಲ್ಲೇ ನಿಂತು ನನ್ನನ್ನು ನೋಡತೊಡಗಿದ.

ಸರಳುಗಳ ನಡುವಿನಿಂದ ಬಾಲದ ತುದಿ ನನ್ನ ಸೊಂಟಕ್ಕೆ ತಾಗಿತು. ಅದರಲ್ಲಿ ಕೂದಲಿರಲಿಲ್ಲ. ಹಸಿಯಾಗಿತ್ತು, ಸೀರೆಗೆ ಅಂಟಿತು. ನಾನೂ ಅವನನ್ನೇ ನೋಡಿದೆ. ಡಿಜೆ ಮತ್ತೆ ಶುರುವಾಗಿ, ಆನೆ ತಾನಾಗಿ ಬೆನ್ನು ಎತ್ತಿ ಮುಂದೆ ಹೋಗುವವರೆಗೂ ನಾನು ಆ ಗೇಟು ಬಿಟ್ಟು ಸರಿಯಲಿಲ್ಲ, ಮುಖದ ಮೇಲಿನ ಹೇಸಿಗೆಯನ್ನೂ ಒರೆಸಿಕೊಳ್ಳಲಿಲ್ಲ.